ಸತ್ತ ಮಂಗ ಯಾರ ಸ್ವತ್ತು?

ಕಳೆದ ವಾರ ಬೆಳಗಿನ ಕಾಫಿಗೆ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ಶರಾವತಿ ಕಣಿವೆಯ ಹಳ್ಳಿಯೊಂದರಲ್ಲಿ ಎರಡು ಎಕರೆ ಅಡಿಕೆ ತೋಟ ಮಾಡಿಕೊಂಡಿರುವವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಊರು ತಿಳಿಯುತ್ತದೆ, ಊರು ತಿಳಿದರೆ ಕಚೇರಿ ತಿಳಿಯುತ್ತದೆ. ಯಾರನ್ನೂ ಕಟಕಟೆಗೆ ಹತ್ತಿಸುವುದು ಈ ಬರಹದ ಉದ್ದೇಶವಲ್ಲ. ಅವನು ಕುಶಲ ಪ್ರಶ್ನೆಯನ್ನೂ ಕೇಳದೆ ನೇರವಾಗಿ, "ಮೇಷ್ಟ್ರೇ, ತೋಟದ ಮೇಲಿನ ಬೆಟ್ಟದಲ್ಲಿ ಮತ್ತೊಂದು ಮುಸಿಯ ಸತ್ತು ಬಿದ್ದಿದೆ. ಈ ಸಲ ಯಾರಿಗೂ ಹೇಳಬೇಡಿ ಎಂದು ಮನೆಯವಳು ಹಟ ಹಿಡಿದಿದ್ದಾಳೆ. ಹೇಳಲೋ ಬೇಡವೋ?" ಎಂದ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. "ಹೇಳು, ಖಂಡಿತ ಹೇಳು" ಎಂದೆನಾದರೂ ಆ ಮಾತಿನಲ್ಲಿ ಬಲವಿರಲಿಲ್ಲ. ಏಕೆಂದರೆ ಹಿಂದಿನ ಸಲ ಅವನು ಹೇಳಿದ್ದರಿಂದ ಏನಾಯಿತೆಂಬುದು ನನಗೆ ತಿಳಿದಿತ್ತು.

ಅದು ಎರಡು ವರ್ಷಗಳ ಹಿಂದಿನ ಫೆಬ್ರವರಿ ತಿಂಗಳು. ಬೆಳಿಗ್ಗೆ ಎಂಟು ಗಂಟೆಗೆ ತೋಟಕ್ಕೆ ನೀರು ಬಿಡಲು ಹೋದವನು ಬೇಲಿಯ ಆಚೆ ಸತ್ತ ಮುಸಿಯವನ್ನು ಕಂಡ. ಮೈಯಲ್ಲಿ ಗಾಯವಿರಲಿಲ್ಲ, ದೇಹ ಇನ್ನೂ ಪೂರ್ತಿ ಸೆಟೆದಿರಲಿಲ್ಲ. ಅವನಿಗೆ ಮಂಗನ ಕಾಯಿಲೆಯ ಬಗ್ಗೆ ತಿಳಿವಳಿಕೆ ಇದ್ದುದರಿಂದ ಮುಟ್ಟದೆ, ನಾಯಿಯನ್ನು ಕಟ್ಟಿಹಾಕಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದ. ಆಕೆ ಆಸ್ಪತ್ರೆಗೆ ಹೇಳಿದಳು, ಆಸ್ಪತ್ರೆಯವರು ಅರಣ್ಯದವರಿಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಗಾರ್ಡ್ ಬಂದು, ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಮೇಲಿನವರು ಬರುವವರೆಗೆ ಮುಟ್ಟಕೂಡದೆಂದು ಹೇಳಿ ಹೋದ. ಪಶುವೈದ್ಯರಿಗೆ ಎರಡು ಆಸ್ಪತ್ರೆಗಳ ಹೊಣೆ. ಅಂದು ಅವರು ಇನ್ನೊಂದರಲ್ಲಿದ್ದರು. ಅರಣ್ಯದವರ ಪತ್ರವಿಲ್ಲದೆ ವನ್ಯಪ್ರಾಣಿಯ ಹೊಟ್ಟೆ ಕೊಯ್ಯಲಾಗದು ಎಂಬುದು ಅವರ ಮಾತು. ಪತ್ರಕ್ಕೆ ಸಹಿ ಹಾಕಬೇಕಾದವರು ಕಾಡಿಗೆ ಬಿದ್ದ ಬೆಂಕಿಯ ಹಿಂದೆ ಓಡಾಡುತ್ತಿದ್ದರು. ಯಾರೊಬ್ಬರೂ ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನು ಗಮನಿಸಬೇಕು. ಆದರೂ ಮೂವರೂ ಒಂದೆಡೆ ಸೇರಿದ್ದು ಮರುದಿನ ಸಂಜೆ. ಅಷ್ಟರಲ್ಲಿ ಹೆಣ ಉಬ್ಬಿ, ನಾತ ಹೊಡೆದು, ರಾತ್ರಿ ಯಾವುದೋ ಪ್ರಾಣಿ ಅರ್ಧ ಎಳೆದೊಯ್ದಿತ್ತು. ವೈದ್ಯರು ಸಿಕ್ಕಷ್ಟನ್ನು ಡಬ್ಬಿಗೆ ಹಾಕಿಕೊಂಡು, "ಇದರಿಂದ ಏನೂ ತಿಳಿಯಲಿಕ್ಕಿಲ್ಲ" ಎಂದರು. ಉಳಿದುದನ್ನು ಸೌದೆ ಹಾಕಿ ಸುಟ್ಟರು.

ಮಹಜರು ಬರೆಯುವಾಗ ನನ್ನ ವಿದ್ಯಾರ್ಥಿಯನ್ನು ಒಂದು ಪ್ರಶ್ನೆ ಕೇಳಿದರು: "ನಿಮ್ಮಲ್ಲಿ ಕೋವಿ ಇದೆಯೇ? ಪರವಾನಗಿ ನವೀಕರಣ ಆಗಿದೆಯೇ?" ಕೇಳಿದವರ ದೃಷ್ಟಿಯಿಂದ ಅದು ಕೇಳಲೇಬೇಕಾದ ಪ್ರಶ್ನೆ. ಕೇಳಿಸಿಕೊಂಡವನ ಹೆಂಡತಿಗೆ ಮಾತ್ರ ಅದು ಪೋಲೀಸು ಮೊಕದ್ದಮೆಯ ಮೊದಲ ಸಾಲಿನಂತೆ ಕೇಳಿಸಿತು. ಒಂಬತ್ತು ದಿನಗಳ ತರುವಾಯ, ಅದೇ ಬೆಟ್ಟದಲ್ಲಿ ಕೊಟ್ಟಿಗೆಗೆ ದರಕು ಗುಡಿಸಿ ತಂದಿದ್ದ ಪಕ್ಕದ ಮನೆಯ ಹೆಂಗಸು ಜ್ವರದಿಂದ ಮಲಗಿದಳು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದು ತಿಳಿಯಿತು. ಬದುಕಿಕೊಂಡಳು, ಆದರೆ ಮಳೆಗಾಲದವರೆಗೆ ಕೈಯಲ್ಲಿ ಕೊಡ ಎತ್ತಲಾರದಷ್ಟು ನಿತ್ರಾಣಳಾಗಿದ್ದಳಂತೆ. ಆ ಮುಸಿಯಕ್ಕೂ ಈ ಜ್ವರಕ್ಕೂ ಸಂಬಂಧವಿತ್ತೆಂದು ನಾನು ಸಾಧಿಸಲಾರೆ. ಸಂಬಂಧವಿದೆಯೇ ಇಲ್ಲವೇ ಎಂದು ತಿಳಿಸಬಲ್ಲ ಒಂದೇ ಒಂದು ಸಾಕ್ಷಿ ಬೇಲಿಯ ಪಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು ಗಂಟೆ ಕೊಳೆಯುತ್ತ ಬಿದ್ದಿತ್ತು. ನನ್ನ ದೂರು ಇಷ್ಟೇ.

ಈ ಪುಟಗಳನ್ನು ಓದುವವರಲ್ಲಿ ಹಲವರು ಈಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದೀರಿ. ನಿಮ್ಮ ಮಕ್ಕಳಿಗೆ ಮಂಗನ ಕಾಯಿಲೆ ಎಂದರೆ ಏನೆಂದೇ ತಿಳಿದಿರಲಾರದು. ಅವರಿಗಾಗಿ ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. 1957ರಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಅದೇ ಕಾಲದಲ್ಲಿ ಕಾಡಿಗೆ ಹೋಗಿಬರುವ ಹಳ್ಳಿಗರಿಗೆ ವಿಚಿತ್ರವಾದ ಜ್ವರ ಬಂತು. ಅಮೆರಿಕ ಖಂಡದ ಕಾಡುಗಳಲ್ಲಿ ಹಳದಿ ಜ್ವರಕ್ಕೆ ಮುನ್ನ ಮಂಗಗಳು ಸಾಯುವುದುಂಟು. ಆದ್ದರಿಂದ ನಮ್ಮ ದೇಶಕ್ಕೆ ಎಂದೂ ಕಾಲಿಡದ ಆ ರೋಗವೇ ಬಂದಿತೇನೋ ಎಂದು ವಿಜ್ಞಾನಿಗಳು ಬೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿದರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಜಗತ್ತು ಅದುವರೆಗೆ ಕಾಣದಿದ್ದ ಹೊಸ ವೈರಸ್. ನಮ್ಮ ಪುಟ್ಟ ಕ್ಯಾಸನೂರಿನ ಹೆಸರು ಹೀಗೆ ಜಗತ್ತಿನ ವೈದ್ಯಕೀಯ ಗ್ರಂಥಗಳಿಗೆ ಏರಿತು. ಸಾಗರದಲ್ಲಿ ಆ ಕೇಂದ್ರದ ಕ್ಷೇತ್ರ ಕಚೇರಿಯೂ ಆರಂಭವಾಯಿತು.

ಇಲ್ಲಿ ನಾವು ಮರೆಯಬಾರದ ಸಂಗತಿಯೊಂದಿದೆ. ಈ ರೋಗದ ಗುಟ್ಟು ಬಿಚ್ಚಿಕೊಂಡದ್ದೇ ಸತ್ತ ಮಂಗವನ್ನು ಹೊತ್ತಿಗೆ ಸರಿಯಾಗಿ ಪರೀಕ್ಷಿಸಿದ್ದರಿಂದ. ಅಂದು 1972ರ ಕಾಯ್ದೆ ಇರಲಿಲ್ಲ. ಅದು ಇಲ್ಲದಿದ್ದುದೇ ಒಳ್ಳೆಯದಾಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರೂ ಇದ್ದಾರೆ, ಅವರ ಮಾತಿಗೆ ಮುಂದೆ ಬರುತ್ತೇನೆ.

ರೋಗವನ್ನು ಹರಡುವುದು ಉಣ್ಣೆ, ನಮ್ಮ ಕಡೆಯ ಮಾತಿನಲ್ಲಿ ಉಣುಗು. ಕಾಡಿನ ಇಲಿ, ಅಳಿಲುಗಳಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುವ ಈ ಹುಳುವಿನ ಮೈಯಲ್ಲಿ ವೈರಸ್ ಅದರ ಆಯುಷ್ಯವಿಡೀ ಉಳಿಯುತ್ತದೆ. ಮಂಗ, ಮುಸಿಯಗಳಿಗೆ ಅಂಟಿದರೆ ಅವು ಬಹುಬೇಗ ಸಾಯುತ್ತವೆ. ಪ್ರಾಣಿ ಸತ್ತು ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿಗೆ ಸೊಪ್ಪು ಕಡಿಯಲು, ದರಕು ಗುಡಿಸಲು, ದನ ಅಟ್ಟಲು ಹೋದವರ ಕಾಲಿಗೆ ಹತ್ತುತ್ತವೆ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ನವೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಮಲೆನಾಡಿನ ರೈತನಿಗೆ ಕಾಡಿನ ಕೆಲಸವಿರುವ ದಿನಗಳಲ್ಲೇ, ಇದರ ಕಾಟ. ಮನುಷ್ಯನಿಂದ ಮನುಷ್ಯನಿಗೆ ಹರಡದು ಎಂಬುದೊಂದೇ ಸಮಾಧಾನ.

ಆದ್ದರಿಂದ ಸತ್ತ ಮಂಗವೆಂದರೆ ಕಾಡು ಬಾರಿಸುವ ಗಂಟೆ. ಅದು ಕೇಳಿಸಿದರೆ ಆ ಜಾಗಕ್ಕೆ ಜನ ಹೋಗದಂತೆ ತಡೆಯಬಹುದು, ಸುತ್ತ ಮೆಲಾಥಿಯಾನ್ ಪುಡಿ ಎರಚಬಹುದು, ಮೈಗೆ ಹಚ್ಚುವ ಡೇಪಾ ಎಣ್ಣೆಯನ್ನು ಹಂಚಬಹುದು, ಜ್ವರ ಬಂದವರನ್ನು ಕೂಡಲೇ ಹುಡುಕಬಹುದು. ಹಿಂದೆ ಲಸಿಕೆಯೊಂದಿತ್ತು, ಅದರ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ, 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಏನಾಯಿತೆಂಬುದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ರೋಗವು ಜಿಲ್ಲೆಯ ಗಡಿಯನ್ನೂ ರಾಜ್ಯದ ಗಡಿಯನ್ನೂ ದಾಟಿ ವಯನಾಡು, ಗೋವಾ, ಸಿಂಧುದುರ್ಗಗಳನ್ನು ಮುಟ್ಟಿಯಾಗಿದೆ. ಇಂಥ ರೋಗಕ್ಕೆ ನಮ್ಮ ಬಳಿ ಇರುವ ಅತ್ಯಂತ ಅಗ್ಗದ ಮುನ್ನೆಚ್ಚರಿಕೆಯ ಸಾಧನ ಸತ್ತ ಮಂಗವೇ.

ಈಗ ಕಾನೂನಿಗೆ ಬರೋಣ. ನಾನು ವಕೀಲನಲ್ಲ, ಆದರೆ ಓದಲು ಬಲ್ಲೆ. ಮೊನ್ನೆಯ ಕರೆಯ ನಂತರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತೆಗೆದು ಎರಡು ದಿನ ಕುಳಿತು ಓದಿದೆ. ಕೋಡಗವೂ ಮುಸಿಯವೂ ಅದರ ಅನುಸೂಚಿಗಳಲ್ಲಿ ಇರುವ ಪ್ರಾಣಿಗಳು. 39ನೆಯ ಕಲಂ ಪ್ರಕಾರ, ಬೇಟೆಯಾಡಿದ ವನ್ಯಪ್ರಾಣಿ ಮಾತ್ರವಲ್ಲ, ಸತ್ತು ಬಿದ್ದಿರುವುದು ಕಂಡುಬಂದ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಬದುಕಿದ್ದಾಗ ನಮ್ಮ ತೋಟದ ಎಳೆ ಅಡಿಕೆಯನ್ನು ಕಿತ್ತೆಸೆಯುತ್ತಿದ್ದ ಮಂಗ ಯಾರ ಸ್ವತ್ತೆಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ಸತ್ತ ಗಳಿಗೆಯಿಂದ ಅದಕ್ಕೆ ಒಡೆಯನಿದ್ದಾನೆ. ಇಂಥ ಸ್ವತ್ತು ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೋಲೀಸು ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ವರದಿ ಮಾಡಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಮುಂಚಿತ ಲಿಖಿತ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ನಾಶಮಾಡುವಂತಿಲ್ಲ, ಹಾಳುಗೆಡವುವಂತಿಲ್ಲ.

ಪ್ರಾಣಿ ಇಡಿಯಾಗಿದ್ದರೆ ಮಾತ್ರ ಈ ನಿಯಮವೆಂದು ತಿಳಿಯಬೇಡಿ. ಅದರಿಂದ ಬಂದ ಮಾಂಸವೂ ಸರ್ಕಾರದ್ದೇ. ಕಾಯ್ದೆಯ ಅರ್ಥವಿವರಣೆಯಲ್ಲಿ 'ಮಾಂಸ' ಎಂದರೆ ರಕ್ತ, ಮೂಳೆ, ನರ, ಕೊಬ್ಬು ಎಲ್ಲವೂ ಸೇರಿದೆ; ಹಸಿಯದಾದರೂ ಸರಿ, ಬೇಯಿಸಿದ್ದಾದರೂ ಸರಿ! ಬೇಟೆಗಾರನ ಅಡುಗೆಮನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ಮಾತು ಇದು ಎಂಬುದು ಸ್ಪಷ್ಟ. ಆದರೆ ಅಕ್ಷರಶಃ ಓದಿದರೆ, ಪಶುವೈದ್ಯರು ಪರೀಕ್ಷೆಗೆಂದು ಕತ್ತರಿಸುವ ಉಗುರಿನಷ್ಟು ಯಕೃತ್ತೂ, ಸೂಜಿಯಲ್ಲಿ ಎಳೆಯುವ ಎರಡು ಹನಿ ರಕ್ತವೂ ಇದರೊಳಗೇ ಬರುತ್ತದೆ. ಪರೀಕ್ಷೆಯ ನಂತರ ಹೆಣವನ್ನು ಸುಡುವುದೂ ನಾಶಮಾಡುವುದೇ ತಾನೆ? ಎರಡು ವರ್ಷಗಳ ಹಿಂದೆ ಆ ಪಶುವೈದ್ಯರು ಪತ್ರ ಕೇಳಿದ್ದು ಸೋಮಾರಿತನದಿಂದಲ್ಲ. ಅವರು ಕಾನೂನನ್ನು ಓದಿದ್ದರು, ಅಥವಾ ಕನಿಷ್ಠಪಕ್ಷ ಅದಕ್ಕೆ ಹೆದರಿದ್ದರು. ತಪ್ಪಿದರೆ ಸೆರೆವಾಸ ವಿಧಿಸಬಹುದಾದ ಕಾಯ್ದೆಗೆ ಸರ್ಕಾರಿ ನೌಕರ ಹೆದರುವುದರಲ್ಲಿ ಆಶ್ಚರ್ಯವೇನಿದೆ?

48 ಗಂಟೆ ಎಂಬ ಆ ಲೆಕ್ಕವನ್ನು ಗಮನಿಸಿ. ಚರ್ಮ, ಕೊಂಬು, ದಂತಗಳಿಗೆ 48 ಗಂಟೆ ಏನೇನೂ ಅಲ್ಲ; ಅವು ನೂರು ವರ್ಷ ಇದ್ದಾವು. ಫೆಬ್ರವರಿಯ ಬಿಸಿಲಿಗೆ ಬಿದ್ದ ಮಂಗನ ಮೆದುಳಿಗೆ ಅದು ಯುಗ. ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಇದ್ದುದು ಬಾಳುವ ವಸ್ತು. ನಮ್ಮ ಎದುರಿಗಿರುವುದು ಕೊಳೆಯುವ ವಸ್ತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸತ್ತ ಪ್ರಾಣಿ ತನ್ನದೆಂದು ಹೇಳುವ ಒಡೆಯ, ಅದು ಸಿಕ್ಕವನು ಎಷ್ಟು ಗಂಟೆಯೊಳಗೆ ತಿಳಿಸಬೇಕೆಂದು ವಿಧಿಸುತ್ತಾನೆ. ತಿಳಿದ ಮೇಲೆ ತಾನು ಎಷ್ಟು ಗಂಟೆಯೊಳಗೆ ಬರುತ್ತೇನೆ ಎಂಬುದನ್ನು 39ನೆಯ ಕಲಮಿನಲ್ಲಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಅರಣ್ಯ ಇಲಾಖೆಯಲ್ಲಿರುವ ಇನ್ನೊಬ್ಬ ವಿದ್ಯಾರ್ಥಿಯೊಡನೆ ಈ ವಿಷಯ ಮಾತನಾಡಿದೆ. ಶಾಲೆಯಲ್ಲೂ ಇವನು ವಾದ ಮಾಡದೆ ಏನನ್ನೂ ಒಪ್ಪುತ್ತಿರಲಿಲ್ಲ. "ಮೇಷ್ಟ್ರೇ, ನೀವು ಒಂದೇ ಕಡೆಯಿಂದ ನೋಡುತ್ತಿದ್ದೀರಿ" ಎಂದ. "ಮಂಗ ಸತ್ತಿದೆ ಎಂದ ಕೂಡಲೇ ಕಾಯಿಲೆ ಎಂದುಕೊಳ್ಳಲು ಬರುತ್ತದೆಯೇ? ಬಾಳೆಹಣ್ಣಿನಲ್ಲಿ ವಿಷ ಇಟ್ಟು ಸಾಯಿಸಿದ್ದನ್ನು ನಾನು ಕಂಡಿದ್ದೇನೆ. ಗುಂಡು ಹೊಡೆದು ಗುಂಡಿ ತೋಡಿ ಮುಚ್ಚಿದ್ದನ್ನೂ ಕಂಡಿದ್ದೇನೆ. ಯಾರು ಬೇಕಾದರೂ ಬಂದು ಕೊಯ್ದು, ಸುಟ್ಟು, 'ಕಾಯಿಲೆಯಿಂದ ಸತ್ತಿತ್ತು' ಎಂದು ಬರೆದುಬಿಡಬಹುದು ಎಂದಾದರೆ ನಾಳೆ ಕಾಡಿನಲ್ಲಿ ಏನು ಉಳಿಯುತ್ತದೆ? ಇಂದು ಮಂಗಕ್ಕೆ ಕೊಟ್ಟ ವಿನಾಯಿತಿಯನ್ನು ನಾಳೆ ಕಡವೆಗೂ ಚಿರತೆಗೂ ಕೇಳುತ್ತಾರೆ."

ಅವನ ಮಾತನ್ನು ತಳ್ಳಿಹಾಕಲಾರೆ. ಮಲೆನಾಡಿನಲ್ಲಿ ಮಂಗಗಳ ಮೇಲೆ ರೈತರಿಗಿರುವ ಸಿಟ್ಟು ಎಂಥದೆಂದು ನನಗೆ ಗೊತ್ತು. ನನ್ನ ಬಂಧುಗಳಲ್ಲೇ ಆ ಸಿಟ್ಟನ್ನು ಕಂಡಿದ್ದೇನೆ. ಕಾಯ್ದೆ ಸಡಿಲವಾದರೆ ಕಾಯಿಲೆಯ ಹೆಸರಿನಲ್ಲಿ ಬೇಟೆ ನಡೆಯುವುದು ಖಂಡಿತ. ಆದ್ದರಿಂದಲೇ 'ಕಾಯ್ದೆ ಇಲ್ಲದಿದ್ದ ಕಾಲವೇ ಚೆನ್ನಾಗಿತ್ತು' ಎನ್ನುವವರ ಪಕ್ಷಕ್ಕೆ ನಾನು ಸೇರಲಾರೆ. ಸತ್ತ ಪ್ರಾಣಿ ಸರ್ಕಾರದ್ದೇ ಆಗಿರಲಿ. ಆದರೆ ಅವನಿಗೆ ನಾನು ಕೇಳಿದ ಪ್ರಶ್ನೆ ಬೇರೆ: "ಮೂವತ್ತು ಗಂಟೆ ಕೊಳೆತ ಮೇಲೆ ವಿಷವಿತ್ತೋ ಗುಂಡಿತ್ತೋ ಎಂದು ಹುಡುಕುವುದು ನಿನಗೆ ಸುಲಭವಾಗುತ್ತದೆಯೇ?" ಅವನು ನಕ್ಕ, ಉತ್ತರ ಕೊಡಲಿಲ್ಲ. ವಿಳಂಬವು ಆರೋಗ್ಯ ಇಲಾಖೆಯ ಸಾಕ್ಷಿಯನ್ನು ಕೆಡಿಸುವಂತೆ ಅರಣ್ಯ ಇಲಾಖೆಯ ಸಾಕ್ಷಿಯನ್ನೂ ಕೆಡಿಸುತ್ತದೆ. ಬೇಟೆಗಾರನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನೊಂದು ಹೋಲಿಕೆಯನ್ನು ನಿಮ್ಮ ಮುಂದಿಡುತ್ತೇನೆ. ಸಾಕುಪ್ರಾಣಿಗಳ ಸಾಂಕ್ರಾಮಿಕ ರೋಗಗಳಿಗೆ ಸಂಬಂಧಿಸಿದಂತೆ 2009ರಲ್ಲಿ ಕೇಂದ್ರ ಸರ್ಕಾರದ ಕಾಯ್ದೆಯೊಂದು ಬಂದಿದೆ. ಕೊಟ್ಟಿಗೆಯ ಹಸುವಿಗೆ ಅದರ ಪಟ್ಟಿಯಲ್ಲಿರುವ ರೋಗ ಬಂದಿದೆಯೆಂಬ ಶಂಕೆ ಬಂದರೆ ಮಾಲೀಕ ಯಾರಿಗೆ ಹೇಳಬೇಕು, ಊರಿನ ಅಧಿಕಾರಿ ಅಥವಾ ಪಂಚಾಯಿತಿಯಿಂದ ಸುದ್ದಿ ಪಶುವೈದ್ಯರಿಗೆ ಹೇಗೆ ಹೋಗಬೇಕು ಎಂಬುದಕ್ಕೆ ಅದರಲ್ಲಿ ದಾರಿಯಿದೆ. ಆ ಕಾಯ್ದೆಯಲ್ಲಿ 'ಪ್ರಾಣಿ' ಎಂದರೆ ಯಾವುವು? ದನ, ಎಮ್ಮೆ, ಕುರಿ, ಮೇಕೆ, ನಾಯಿ, ಬೆಕ್ಕು, ಹಂದಿ, ಕುದುರೆ, ಒಂಟೆ, ಕತ್ತೆ, ಕೋಳಿ, ಕೊನೆಗೆ ಜೇನುಹುಳು ಸಹ ಪಟ್ಟಿಯಲ್ಲಿದೆ. ಮಂಗದ ಹೆಸರಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇರೆ ಪ್ರಾಣಿಗಳನ್ನು ಸೇರಿಸಬಹುದು ಎಂಬ ಬಾಗಿಲೊಂದನ್ನು ಬಿಟ್ಟಿದ್ದಾರೆ. ಹೀಗೆ, ರೋಗದ ಕಾನೂನಿಗೆ ಮಂಗ ಕಾಣುವುದಿಲ್ಲ. ಮಂಗದ ಕಾನೂನಿಗೆ ರೋಗ ಕಾಣುವುದಿಲ್ಲ. ಇವೆರಡರ ನಡುವಿನ ಓಣಿಯಲ್ಲಿ ನಮ್ಮ ದರಕು ಗುಡಿಸುವ ಹೆಂಗಸರು ಓಡಾಡುತ್ತಿದ್ದಾರೆ.

ಹುಲಿ ಸತ್ತರೆ ಹೀಗಾಗುವುದಿಲ್ಲ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಅದಕ್ಕೆಂದೇ ಕಾರ್ಯವಿಧಾನವನ್ನು ಬರೆದಿಟ್ಟಿದೆ: ಯಾರ ಸಮ್ಮುಖದಲ್ಲಿ ಕೊಯ್ಯಬೇಕು, ಮಾದರಿ ಹೇಗೆ ತೆಗೆಯಬೇಕು, ಕಳೇಬರವನ್ನು ಹೇಗೆ ಸುಡಬೇಕು ಎಂದು. 2018ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 23 ಸಿಂಹಗಳು ಸತ್ತಾಗ ಮಾದರಿಗಳು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಗಿ, ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ರೋಗ ಪತ್ತೆಯಾಯಿತು. ಇಡೀ ದೇಶ ಕಣ್ಣಿಟ್ಟು ನೋಡುತ್ತಿತ್ತು. ಮಂಗ ಸತ್ತರೆ ಯಾರು ನೋಡುತ್ತಾರೆ? ಆದರೆ ಮನುಷ್ಯರ ಪ್ರಾಣದ ದೃಷ್ಟಿಯಿಂದ ನೋಡಿದರೆ, ಮಲೆನಾಡಿನ ಒಂದು ಮಂಗದ ಕಳೇಬರ ಹೇಳಬಲ್ಲಷ್ಟನ್ನು ಹುಲಿಯ ಕಳೇಬರ ಹೇಳಲಾರದು.

ಕಾನೂನು ಬೇಡ, ಊರಿನವರೇ ಸುಟ್ಟುಬಿಡಲಿ ಎನ್ನುವ ಧೀರರೂ ಇದ್ದಾರೆ. ಅವರು ಬಂಡೀಪುರದ ಕಥೆಯನ್ನು ತಿಳಿಯಬೇಕು. 2012ರ ಕೊನೆಯಲ್ಲಿ, ಅದುವರೆಗೆ ಈ ಕಾಯಿಲೆಯ ಹೆಸರಿಲ್ಲದಿದ್ದ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಂಗಗಳು ಸತ್ತವು. ಅವುಗಳನ್ನು ಎತ್ತಿ ಸಾಗಿಸುವ, ಸುಡುವ ಕೆಲಸದಲ್ಲಿ ಕೈಜೋಡಿಸಿದವರಿಗೇ ಕಾಯಿಲೆ ತಗುಲಿತು. ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೂ ಈ ವೈರಸ್ ತಗುಲಿದ ದಾಖಲೆಗಳಿವೆ. ಕೈಗವಸು, ಮುಖಕವಚ, ಮೈಮುಚ್ಚುವ ದಿರಿಸು, ತರಬೇತಿ ಇಲ್ಲದೆ ಯಾರೂ ಹತ್ತಿರ ಸುಳಿಯಬಾರದು. 'ಮುಟ್ಟಬೇಡ' ಎಂಬ ಆ ಗಾರ್ಡಿನ ಮಾತು ಆರೋಗ್ಯದ ದೃಷ್ಟಿಯಿಂದಲೂ ಸರಿಯಾಗಿಯೇ ಇತ್ತು. ಅವನ ತಪ್ಪೇನಾದರೂ ಇದ್ದರೆ 'ಮುಟ್ಟುವವರು ಇಂಥ ಹೊತ್ತಿಗೆ ಬರುತ್ತಾರೆ' ಎಂದು ಹೇಳಲಾಗದಿದ್ದುದು, ಅಷ್ಟೆ.

ಈ ಮಾತು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶಾಲೆಯ ಹಿಂದಿನ ಮಾವಿನ ಮರದ ಕೆಳಗೆ ಕೋಡಗವೊಂದು ಸತ್ತು ಬಿದ್ದಿತ್ತು. ಹನುಮಂತನ ವಂಶದ್ದು ಎಂದು ಊರವರು ಬಿದಿರಿನ ಚಟ್ಟ ಕಟ್ಟಿ, ಕುಂಕುಮವಿಟ್ಟು, ಹೂ ಹಾಕಿ, ಜಾಗಟೆ ಬಾರಿಸುತ್ತ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡಿದರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಏಳನೆಯ ತರಗತಿಯ ಹುಡುಗರೂ ಇದ್ದರು. ತಡೆಯಬೇಕಾದ ನಾನು ಕರ್ಪೂರಕ್ಕೆಂದು ನಾಲ್ಕಾಣೆ ಕೊಟ್ಟು ಕೈಮುಗಿದು ನಿಂತಿದ್ದೆ. ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಅದೃಷ್ಟ. ಆ ಹುಡುಗರಲ್ಲಿ ಇಬ್ಬರು ಈ ಬರಹವನ್ನು ಓದುವರೆಂದು ಬಲ್ಲೆ. ಅವರು ನನ್ನನ್ನು ಕ್ಷಮಿಸಲಿ. ಇಂದಿಗೂ ನಮ್ಮ ಊರುಗಳಲ್ಲಿ ಈ ಸಂಸ್ಕಾರ ನಡೆಯುತ್ತಿದೆ. ಭಕ್ತಿಯಿಂದ ಮಾಡುವ ಆ ಕೆಲಸವೂ 39ನೆಯ ಕಲಮಿಗೆ ವಿರುದ್ಧವೆಂದು ಎಷ್ಟು ಜನಕ್ಕೆ ತಿಳಿದಿದೆ? ಕಾನೂನಿನ ಹೆಸರು ಹೇಳಿ ಅವರನ್ನು ಬೆದರಿಸುವುದರಿಂದ ಪ್ರಯೋಜನವಿಲ್ಲ. ಇಲಾಖೆಯವರು ಬೇಗ ಬಂದರೆ, ಸುಡುವಾಗ ದೂರದಿಂದ ಒಂದು ಹೂವೆಸೆಯಲು ಬಿಟ್ಟರೆ, ಜನ ಒಪ್ಪದೇ ಇರಲಾರರು.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳಬಹುದು. ಕಾಯ್ದೆಯನ್ನು ತಿದ್ದಲು ದೆಹಲಿಗೆ ಹೋಗಬೇಕಾಗಿಲ್ಲ ಎಂದು ನನಗೆ ತೋರುತ್ತದೆ. 'ಮುಂಚಿತ ಲಿಖಿತ ಅನುಮತಿ' ಎಂಬ ಮಾತು 39ನೆಯ ಕಲಮಿನಲ್ಲೇ ಇದೆ. ಮಂಗ ಸತ್ತ ಮೇಲೆ ಅನುಮತಿ ಬರೆಯುವುದನ್ನು ಬಿಟ್ಟು ಸಾಯುವ ಮುಂಚೆಯೇ ಬರೆದಿಡಬಾರದೇಕೆ? ಪ್ರತಿವರ್ಷ ನವೆಂಬರ್ ಒಂದರಂದು, ಕಾಯಿಲೆಯಿರುವ ತಾಲ್ಲೂಕುಗಳ ತರಬೇತಿ ಪಡೆದ ಪಶುವೈದ್ಯರಿಗೆ, ಮಂಗ ಮತ್ತು ಮುಸಿಯಗಳ ಮಟ್ಟಿಗೆ ಮಾತ್ರ, ಮೇ ತಿಂಗಳ ಕೊನೆಯವರೆಗೆ ಊರ್ಜಿತವಾಗುವಂತೆ, ಕಳೇಬರವನ್ನು ಪರೀಕ್ಷಿಸಿ ಮಾದರಿ ತೆಗೆದು ಉಳಿದುದನ್ನು ಸುಡುವ ಅನುಮತಿಯನ್ನು ಕೊಟ್ಟಿಡಬಹುದು. ಅರಣ್ಯದ ಒಬ್ಬ ಸಿಬ್ಬಂದಿ ಸಾಕ್ಷಿಯಾಗಿರಲಿ. ಗಾರ್ಡ್ ಆದರೂ ಸಾಕು. ಗುಂಡೇಟು, ವಿಷಗಳ ಕುರುಹನ್ನೂ ಅದೇ ಪರೀಕ್ಷೆಯಲ್ಲಿ ನೋಡಿ ಬರೆಯಲಿ. ನನ್ನ ಅರಣ್ಯದ ಶಿಷ್ಯನ ಆತಂಕಕ್ಕೂ ಅದರಲ್ಲಿ ಉತ್ತರವಿದೆ. ಕಾಯ್ದೆಯ 64ನೆಯ ಕಲಂ ರಾಜ್ಯ ಸರ್ಕಾರಕ್ಕೆ ನಿಯಮಗಳನ್ನು ಮಾಡುವ ಅಧಿಕಾರ ಕೊಟ್ಟಿದೆ. ಸುದ್ದಿ ತಲುಪಿದ ಇಷ್ಟು ಗಂಟೆಯೊಳಗೆ ಸ್ಥಳಕ್ಕೆ ಬರಬೇಕೆಂದು ಆ ನಿಯಮದಲ್ಲಿ ಅಂಕಿಯಲ್ಲಿ ಬರೆಯಲಿ. ಆರು ಗಂಟೆ ಎಂದರೆ ಹೆಚ್ಚಾಯಿತೆನ್ನುವವರು ಎಂಟು ಎನ್ನಲಿ, ಅಂಕಿಯೊಂದು ಇರಲಿ.

ಮೂರು ಇಲಾಖೆಗಳು ಕೂಡಿ ಕೆಲಸ ಮಾಡಬೇಕೆಂಬ ಸುತ್ತೋಲೆಗಳು ಈಗಾಗಲೇ ಇವೆಯಲ್ಲ ಎಂದು ಕೆಲವರು ಹೇಳಿಯಾರು. ಇವೆ. ಒಳ್ಳೆಯ ಅಧಿಕಾರಿಗಳಿರುವ ಕಡೆ ಅವು ನಡೆಯುತ್ತಲೂ ಇವೆ. ಪ್ರಾಣದ ಹಂಗು ತೊರೆದು ಕಾಡು ಸುತ್ತುವ ಕ್ಷೇತ್ರ ಸಿಬ್ಬಂದಿಯನ್ನು ನಾನೇ ಕಂಡಿದ್ದೇನೆ. ಆದರೆ ಸುತ್ತೋಲೆ ವರ್ಗಾವಣೆಯೊಂದಿಗೆ ಕಡತದೊಳಗೆ ಸೇರಿಹೋಗುತ್ತದೆ. ನನ್ನ ಸೇವೆಯುದ್ದಕ್ಕೂ ನಾನು ಸಹಿ ಹಾಕಿ ಮರಳಿಸಿದ ಸುತ್ತೋಲೆಗಳ ಗತಿಯನ್ನು ಬಲ್ಲೆನಾದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ಇನ್ನೊಂದು ಚಿಕ್ಕ ಬೇಡಿಕೆ ಇದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಸುದ್ದಿ ಕೊಟ್ಟವನಿಗೆ ಒಂದು ಚೀಟಿ ಕೊಡಬೇಕು: ಇಂಥ ದಿನ, ಇಂಥ ಹೊತ್ತಿಗೆ, ಇಂಥವರು ಮಂಗ ಸತ್ತ ಸುದ್ದಿಯನ್ನು ತಿಳಿಸಿದರು ಎಂದು. ಆ ಚೀಟಿ ಕೈಯಲ್ಲಿದ್ದರೆ ಅವನು ಆರೋಪಿಯಲ್ಲ, ಸುದ್ದಿಗಾರ. ಕೋವಿಯ ಪ್ರಶ್ನೆಯನ್ನು ಆಮೇಲೆ ಕೇಳಿದರೂ ಅವನ ಹೆಂಡತಿ ಅಷ್ಟು ಹೆದರಲಾರಳು. ಪರೀಕ್ಷೆಯ ಫಲಿತಾಂಶ ಬಂದ ದಿನ ಅದನ್ನೂ ಅವನಿಗೆ ತಿಳಿಸಬೇಕು. ಬೆಟ್ಟಕ್ಕೆ ಹೋಗುವುದೋ ಬೇಡವೋ ಎಂದು ನಿರ್ಧರಿಸಬೇಕಾದವರು ಅವನೂ ಅವನ ನೆರೆಹೊರೆಯವರೂ ತಾನೆ? ಮನೆಯ ಪಕ್ಕದಲ್ಲೇ ಸತ್ತ ಪ್ರಾಣಿಯ ವರದಿ ಶಿವಮೊಗ್ಗಕ್ಕೂ ಪುಣೆಗೂ ಬೆಂಗಳೂರಿಗೂ ಗೊತ್ತಿದ್ದು ಆ ಮನೆಗೆ ಗೊತ್ತಿಲ್ಲದಿರುವುದು ಯಾವ ನ್ಯಾಯ?

ಕಳೆದ ವಾರದ ಕರೆಯ ಮುಂದಿನ ಭಾಗವನ್ನು ಹೇಳಿ ಮುಗಿಸುತ್ತೇನೆ. ನನ್ನ ಮಾತು ಕೇಳಿಯೋ ತನ್ನ ಮನಸ್ಸಿನ ಮಾತು ಕೇಳಿಯೋ ಅವನು ಸುದ್ದಿ ಕೊಟ್ಟ. ಹೆಂಡತಿ ಅಂದು ಮಧ್ಯಾಹ್ನ ಊಟಕ್ಕೆ ಬಡಿಸಿದಳಾದರೂ ಮಾತನಾಡಲಿಲ್ಲವಂತೆ. ಈ ಸಲ ಗಾರ್ಡ್ ಹತ್ತು ಗಂಟೆಗೇ ಬಂದ, ಪಶುವೈದ್ಯರು ಸಂಜೆ ನಾಲ್ಕಕ್ಕೆ ಬಂದರು. ಹೊಸದಾಗಿ ಬಂದ ತರುಣಿಯಂತೆ, ಪತ್ರ ಆಮೇಲೆ ಬರಲಿ ಎಂದು ಕೆಲಸ ಮುಗಿಸಿದರಂತೆ. ಮಾದರಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಹೊರಡುವಾಗ ನನ್ನ ವಿದ್ಯಾರ್ಥಿ, "ಮೇಡಂ, ಹಿಂದಿನ ಸಲದ್ದು ಏನಾಯಿತು?" ಎಂದು ಕೇಳಿದ. ಆಕೆಗೆ ತಿಳಿದಿರಲಿಲ್ಲ. ವಿಚಾರಿಸಿ ಹೇಳುತ್ತೇನೆಂದು ಅವನ ನಂಬರನ್ನು ಬರೆದುಕೊಂಡು ಹೋಗಿದ್ದಾರೆ.